ಹದಿನೆಂಟು ವರ್ಷದ ಮೇಲೆ ಡೊಂಬಿವಲಿ

ಹೋಗೋಣ ಅಂತ ಮೊದಲು ಬಾಯಿ ಬಿಟ್ಟವರು ನಮ್ಮ ಅತ್ತೆ. ಅವರಿಗೆ ಈಗ 84. 2024ರ ದೀಪಾವಳಿಗೆ ಮಗಳು, ಅಳಿಯ, ಮೊಮ್ಮಗಳು ಬೆಂಗಳೂರಿನಿಂದ ಧಾರವಾಡಕ್ಕೆ ಬಂದಿದ್ದರು. ಎಲ್ಲರೂ ಊಟಕ್ಕೆ ಕೂತಾಗ ಅತ್ತೆ ತಟ್ಟೆಯಿಂದ ಕೈ ಎತ್ತಿ, "ಒಮ್ಮೆ ಡೊಂಬಿವಲಿ ತೋರಿಸ್ಕೊಂಡು ಬರ್ರಿ ನನಗ. ಕಾಶಿ ಬ್ಯಾಡ, ಮತ್ತೇನೂ ಬ್ಯಾಡ" ಅಂದರು.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಾವು ಇದ್ದದ್ದು 1989ರಿಂದ 2006ರವರೆಗೆ. ನಮ್ಮನೆಯವರಿಗೆ ಮುಂಬಯಿಯ ಫೋರ್ಟ್‌ನಲ್ಲಿ ಕೆಲಸ. ಮನೆ ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಮೂರು ಮಹಡಿಯ ಬಿಲ್ಡಿಂಗಿನಲ್ಲಿ, ಎರಡನೇ ಮಹಡಿ. ಒಂದು ಹಾಲ್, ಒಂದು ಅಡುಗೆಮನೆ, ಒಂದು ಚಿಕ್ಕ ಗ್ಯಾಲರಿ. ಮಾವ ತೀರಿಕೊಂಡ ಮೇಲೆ 1991ರಲ್ಲಿ ಅತ್ತೆ ಅಲ್ಲಿಗೆ ಬಂದರು. ಮಗಳು ಹುಟ್ಟಿದ್ದು 1992ರಲ್ಲಿ. 2006ರ ಮೇ ತಿಂಗಳಲ್ಲಿ ಮನೆ ಮಾರಿ ಧಾರವಾಡಕ್ಕೆ ಬಂದೆವು. ಆಮೇಲೆ ಮದುವೆ, ಮುಂಜಿ ಅಂತ ಮುಂಬಯಿಗೆ ಹೋಗಿದ್ದುಂಟು. ಆದರೆ ಡೊಂಬಿವಲಿಯಲ್ಲಿ ಇಳಿಯಲೇ ಇಲ್ಲ.

ಊಟ ಮುಗಿದ ಮೇಲೆ ನಮ್ಮನೆಯವರು ಪೆನ್ನು, ಕಾಗದ ತಂದರು. ಯಾರ್ಯಾರಿಗೆ ಏನೇನು ನೋಡಬೇಕು ಹೇಳಿ ಅಂದರು. ಅತ್ತೆ ಹೇಳಿದ್ದು ಬಿಲ್ಡಿಂಗು, ಪಕ್ಕದ ಮನೆಯವರು. ನಮ್ಮನೆಯವರು ಬರೆದುಕೊಂಡದ್ದು ಲೋಕಲ್ ಟ್ರೇನು, ಆಫೀಸಿನ ಬೀದಿ, ಮಾಟುಂಗಾ. ನಾನು ಹೇಳಿದ್ದು ಪೋಳಿ-ಭಾಜಿ ಕೇಂದ್ರ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಫಡಕೆ ರೋಡ್" ಅಂದಳು. ಆ ಕಾಗದ ಈಗಲೂ ನನ್ನ ಹತ್ತಿರ ಇದೆ. ಒಂದೇ ಮನೆಯಲ್ಲಿ ಉಂಡು ಮಲಗಿದ ನಾಲ್ಕು ಜನ ನಾವು. ಆದರೆ ಒಂದು ಜಾಗದ ಹೆಸರೂ ಎರಡು ಸಲ ಬರಲಿಲ್ಲ. ಅವತ್ತು ಅದನ್ನು ನಾನು ಅಷ್ಟಾಗಿ ಗಮನಿಸಲಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ದಿನ ಅಂತ ಮಾತಾಯಿತು. ಜನವರಿ ಕೊನೆಯ ವಾರ ಆರಿಸಿಕೊಂಡೆವು. ಮಳೆ ಇರಲ್ಲ, ಸೆಕೆ ಇರಲ್ಲ. ಜೊತೆಗೆ ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ಅಲ್ಲಿ ಮನೆ ಮನೆಯಲ್ಲೂ ಹಳದಿ-ಕುಂಕುಮ ನಡೆಯುತ್ತದೆ. ಯಾರ ಮನೆಗೆ ಹೋದರೂ ಬಾಗಿಲು ತೆರೆದಿರುತ್ತದೆ ಅನ್ನೋದು ನನ್ನ ಲೆಕ್ಕ. ಹುಬ್ಬಳ್ಳಿಯಿಂದ ವಿಮಾನದಲ್ಲಿ ಹೋಗೋಣ ಅಂತ ಅಳಿಯ ಹೇಳಿದ. ಅತ್ತೆ ಒಪ್ಪಲಿಲ್ಲ. "ಗಾಡಿ ಹತ್ತಿದ್ರ ಅಲ್ಲಿಗೆ ಹೊಂಟೀವಿ ಅಂತ ಅನ್ನಿಸಬೇಕಲ್ಲ" ಅಂದರು. ರೈಲಿನ ಟಿಕೆಟ್ ಮೊದಲು 120 ದಿನ ಮುಂಚೆ ಸಿಗುತ್ತಿತ್ತು. 2024ರ ನವೆಂಬರಿನಿಂದ 60 ದಿನ ಆಗಿದೆ. ಹಾಗಾಗಿ ನವೆಂಬರ್ ಕೊನೆಗೆ ಬೆಳಗ್ಗೆ ಎಂಟಕ್ಕೇ ಕೂತು ಹುಬ್ಬಳ್ಳಿ-ದಾದರ್ ಗಾಡಿಗೆ ಬುಕ್ ಮಾಡಿದೆವು. ಅತ್ತೆಗೆ ಕೆಳಗಿನ ಬರ್ತ್ ಸಿಕ್ಕಿತು.

ನಾನು ಮದುವೆಯಾಗಿ ಹೋದಾಗ ನೇರ ಗಾಡಿ ಇರಲಿಲ್ಲ. ಧಾರವಾಡದಿಂದ ಮಿರಜಿಗೆ ಮೀಟರ್ ಗೇಜ್. ಅಲ್ಲಿ ಇಳಿದು, ಟ್ರಂಕು, ಹಾಸಿಗೆ ಸುರುಳಿ, ಜೋಳದ ಚೀಲ ಎಲ್ಲಾ ಹಮಾಲರ ತಲೆ ಮೇಲೆ ಹೊರಿಸಿ, ದೊಡ್ಡ ಹಳಿಯ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಬೇಕಿತ್ತು. ಮಿರಜಿನ ಆ ಪ್ಲಾಟ್‌ಫಾರ್ಮೇ ನನಗೆ ತವರು ಮುಗಿಯುವ ಗಡಿ. ಚಿಕ್ಕ ಗಾಡಿಯಿಂದ ಇಳಿದಾಗ ಕನ್ನಡ, ದೊಡ್ಡ ಗಾಡಿ ಹತ್ತಿದಾಗ ಮರಾಠಿ. ಈ ಸಲ ಮಿರಜ ಬಂದಾಗ ಮೊಮ್ಮಗಳಿಗೆ ತೋರಿಸಬೇಕು ಅಂದುಕೊಂಡಿದ್ದೆ. ಅವಳು ಅಷ್ಟರಲ್ಲಿ ನನ್ನ ತೊಡೆ ಮೇಲೆ ನಿದ್ದೆ ಹೋಗಿದ್ದಳು.

ಕತ್ತಲಿರುವಾಗಲೇ ಕಲ್ಯಾಣದಲ್ಲಿ ಇಳಿದೆವು. ಅಲ್ಲಿಂದ ಡೊಂಬಿವಲಿಗೆ ಕಾರು ಮಾಡಿಕೊಂಡು ಸ್ಟೇಷನ್ ಹತ್ತಿರದ ಲಾಡ್ಜ್ ಸೇರಿದೆವು. ಅತ್ತೆ ಮಲಗಲಿಲ್ಲ. ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಕುರ್ಚಿಯಲ್ಲಿ ಕೂತೇ ಬಿಟ್ಟರು. ಮೊದಲ ದಿನ ಅವರದು.

ಬಿಲ್ಡಿಂಗಿನ ಬೀದಿ ತಿರುಗುತ್ತಿದ್ದ ಹಾಗೆ ನನಗೆ ಗೊತ್ತಾಯಿತು. ಸುತ್ತಲೂ ನೀಲಿ ತಗಡು ಹೊಡೆದಿದ್ದರು. ಡೊಂಬಿವಲಿಯಲ್ಲಿ ಈಗ ಹಳೇ ಬಿಲ್ಡಿಂಗ್‌ಗಳನ್ನೆಲ್ಲ ಕೆಡವಿ ಎತ್ತರದ್ದು ಕಟ್ಟುತ್ತಾರೆ. ರೀಡೆವಲಪ್‌ಮೆಂಟ್ ಅನ್ನೋ ಮಾತು ಅಲ್ಲಿ ಕಾಯಿಪಲ್ಲೆ ಮಾರುವವರ ಬಾಯಲ್ಲೂ ಇದೆ. ಬಿಲ್ಡರ್ ಬಾಡಿಗೆ ಕೊಡುತ್ತಾನೆ. ಹೊಸದು ಏಳುವ ತನಕ ಜನ ಬೇರೆ ಕಡೆ ಇರುತ್ತಾರೆ. ನಮ್ಮ ಬಿಲ್ಡಿಂಗ್ ಖಾಲಿಯಾಗಿ ಎರಡು ತಿಂಗಳಾಗಿತ್ತಂತೆ. ಕೆಡವುವುದು ಇನ್ನೂ ಶುರುವಾಗಿರಲಿಲ್ಲ.

ವಾಚ್‌ಮನ್ ಒಳಗೆ ಬಿಡಲಿಲ್ಲ. ಅವನ ತಪ್ಪಿಲ್ಲ. ಕಿಟಕಿ, ಬಾಗಿಲು ಕಿತ್ತಿಟ್ಟಿದ್ದರು, ಯಾರಿಗಾದರೂ ಏಟಾದರೆ ಅವನ ತಲೆಗೆ ಬರುತ್ತದೆ. ಆದರೆ ಅತ್ತೆಯನ್ನು ನೋಡಿ ಗೇಟಿನ ತಗಡು ಒಂದು ಮಾರಿನಷ್ಟು ಸರಿಸಿದ. ತನ್ನ ಪ್ಲಾಸ್ಟಿಕ್ ಕುರ್ಚಿಯನ್ನೂ ತಂದು ಹಾಕಿದ. ಅತ್ತೆ ಕೂತು ಮೇಲೆ ನೋಡಿದರು. ಎರಡನೇ ಮಹಡಿಯ ಗ್ಯಾಲರಿಗೆ ನಾವು 1994ರಲ್ಲಿ ಹಾಕಿಸಿದ ಕಬ್ಬಿಣದ ಜಾಳಿಗೆ ಇನ್ನೂ ಹಾಗೇ ಇತ್ತು. ತುಳಸಿ ಡಬ್ಬ ಇಡಲಿಕ್ಕೆ ಅಂತ ಒಂದು ಮೂಲೆಯಲ್ಲಿ ಮುಂದಕ್ಕೆ ಚಾಚಿಸಿದ್ದೆವು. ಆ ಚಾಚು ಕೂಡ ಇತ್ತು. ಬಣ್ಣ ಮಾತ್ರ ಬೇರೆ.

ನನಗೆ ಮೊದಲು ನೆನಪಾದದ್ದು ನೀರು. ಬೆಳಗ್ಗೆ ಐದಕ್ಕೆ ನೀರು ಬಿಡುತ್ತಿದ್ದರು. ಮುಕ್ಕಾಲು ಗಂಟೆಯಲ್ಲಿ ಡ್ರಮ್, ಕೊಡ, ಬಕೆಟ್ಟು, ಕೊನೆಗೆ ಕುಕ್ಕರಿನಲ್ಲೂ ತುಂಬಿಡಬೇಕು. ಅಷ್ಟು ಹೊತ್ತಿಗೇ ಅತ್ತೆ ಎದ್ದು ನನ್ನ ಜೊತೆ ನಿಲ್ಲುತ್ತಿದ್ದರು. ಅದನ್ನೇ ಹೇಳಲು ಅವರ ಕಡೆ ತಿರುಗಿದೆ. ಅವರು ಜಾಳಿಗೆ ನೋಡುತ್ತಿರಲಿಲ್ಲ. ಕೆಳಗೆ ಮೆಟ್ಟಿಲ ಕಡೆ ನೋಡುತ್ತಿದ್ದರು. "ಆ ಮೂರನೇ ಪಾವಟಿಗಿ ಮ್ಯಾಲ ಕುಂತಿದ್ದೆ ನಾ, ಎರಡು ರಾತ್ರಿ" ಅಂದರು. ಯಾವ ರಾತ್ರಿ ಅಂತ ನಾವು ಯಾರೂ ಕೇಳಬೇಕಾಗಿರಲಿಲ್ಲ.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ದಿನ. ನಮ್ಮನೆಯವರು ಬೆಳಗ್ಗೆ ಹೋದವರು ಬರಲಿಲ್ಲ. ಕರೆಂಟ್ ಇಲ್ಲ, ಫೋನ್ ಸತ್ತಿತ್ತು, ಬೀದಿಯಲ್ಲಿ ಸೊಂಟದ ಮಟ್ಟ ನೀರು. ಮಗಳನ್ನು ಅಪ್ಪಿಕೊಂಡು ನಾನು ಮೇಲೆ ಇದ್ದೆ. ಅತ್ತೆ ಕೆಳಗೆ ಮೆಟ್ಟಿಲ ಮೇಲೆ, ಮಗ ಬಂದರೆ ಮೊದಲು ತಾನು ನೋಡಬೇಕು ಅಂತ. ಮೂರನೆಯ ದಿನ ಮಧ್ಯಾಹ್ನ ಅವರು ಬಂದರು. ಪಕ್ಕದ ಮನೆಯ ಆಜಿ ಆ ಎರಡೂ ರಾತ್ರಿ ಅತ್ತೆಯ ಜೊತೆ ಮೆಟ್ಟಿಲ ಮೇಲೇ ಕೂತಿದ್ದರು ಅನ್ನೋದು ನನಗೆ ಗೊತ್ತಾದದ್ದು ಈ ಸಲ. ಇಷ್ಟು ವರ್ಷ ಅತ್ತೆ ಹೇಳಿರಲೇ ಇಲ್ಲ.

ಆ ಆಜಿಯ ಮನೆಯವರು ಅಲ್ಲೇ ಎರಡು ಬೀದಿ ಆಚೆ ಬಾಡಿಗೆಗೆ ಇದ್ದರು. ಮಗಳು ಮೊದಲೇ ಫೋನ್ ನಂಬರ್ ಹುಡುಕಿ ಮಾತಾಡಿದ್ದಳು. ಆಜಿಗೆ 88. ಕಿವಿ ಕೇಳಿಸಲ್ಲ. ಸೊಸೆ ಬಾಗಿಲು ತೆಗೆದು "ಯಾ, ಯಾ, ಬಸಾ" ಅನ್ನುವಷ್ಟರಲ್ಲಿ ಆಜಿ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮಂಚದ ಮೇಲೆ ಕೂತರು. ಆಜಿ ಮರಾಠಿಯಲ್ಲಿ, ಅತ್ತೆ ಕನ್ನಡದಲ್ಲಿ. ಮೊದಲೂ ಹಾಗೇ ಇತ್ತು. ಅತ್ತೆಗೆ ಕಾಯಿಪಲ್ಲೆ ಕೊಳ್ಳುವಷ್ಟು ಮರಾಠಿ ಬರುತ್ತಿತ್ತು, ಆಜಿಗೆ "ಬರ್ರಿ", "ಊಟ ಆತೇನ್ರಿ" ಇಷ್ಟೇ ಕನ್ನಡ. ಅಷ್ಟರಲ್ಲೇ ಹದಿನೈದು ವರ್ಷದ ಮಧ್ಯಾಹ್ನಗಳು ಕಳೆದಿದ್ದವು. ಆಜಿ ಪುರಣಪೋಳಿ ಮಾಡಿದರೆ ಕಟಾಚಿ ಆಮಟಿ ನಮ್ಮ ಮನೆಗೆ ಬರುತ್ತಿತ್ತು. ನಾವು ಹೋಳಿಗೆ ಮಾಡಿದರೆ ಕಟ್ಟಿನ ಸಾರು ಅವರ ಮನೆಗೆ ಹೋಗುತ್ತಿತ್ತು. ಬೇಳೆ ಬಸಿದ ನೀರು ಒಂದೇ, ಮಸಾಲೆ ಬೇರೆ. ಯಾರದು ಚೆನ್ನಾಗಿದೆ ಅಂತ ಇಬ್ಬರೂ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ.

ನಾವು ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಕಟಕ ರೊಟ್ಟಿ, ಧಾರವಾಡ ಪೇಡೆ ಒಯ್ದಿದ್ದೆವು. ಆಜಿ ಪೇಡೆ ಬಾಯಿಗೆ ಹಾಕಿಕೊಂಡು ಸೊಸೆಗೆ ಏನೋ ಹೇಳಿದರು. ಸೊಸೆ ನಕ್ಕು ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದಳು. ಅಂಗೈ ಅಗಲದ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅತ್ತೆಯ ಹೆಸರು, ಕನ್ನಡದಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಕೆತ್ತಿಕೊಡುತ್ತಿದ್ದರು. ಬಿಲ್ಡಿಂಗಿನಲ್ಲಿ ಹನ್ನೆರಡು ಮನೆ. ದಿನಾ ಒಬ್ಬರ ಪಾತ್ರೆ ಇನ್ನೊಬ್ಬರ ಮನೆಯಲ್ಲಿ. ಹೆಸರು ಓದಿ ವಾಪಸ್ ಕೊಡಬೇಕು. ಎಲ್ಲರದೂ ದೇವನಾಗರಿ, ನಮ್ಮ ಪಾತ್ರೆಗಳು ಮಾತ್ರ ಧಾರವಾಡದಿಂದ ತಂದವು. ನಮ್ಮ ಅಕ್ಷರ ಅಲ್ಲಿ ಒಬ್ಬರಿಗೂ ಓದಲಿಕ್ಕೆ ಬರುತ್ತಿರಲಿಲ್ಲ. ಆದರೆ ಓದಲು ಬಾರದ ಡಬ್ಬಿ ಯಾರದು ಅಂತ ಮಕ್ಕಳಿಗೂ ಗೊತ್ತಿತ್ತು. "ಕಾನಡೀ ಡಬಾ" ಅಂತಲೇ ಅದಕ್ಕೆ ಹೆಸರು. ನಾವು ಊರು ಬಿಟ್ಟ ವಾರ ಅದು ಅವರ ಅಡುಗೆಮನೆಯಲ್ಲಿ ಉಳಿದುಬಿಟ್ಟಿತ್ತು.

ಅತ್ತೆ ಡಬ್ಬಿಗೆ ಕೈ ಚಾಚಿದರು. ಆಜಿ ಕೊಡಲಿಲ್ಲ. "ರಿಕಾಮಾ ನಾಹೀ ದ್ಯಾಯಚಾ" ಅಂದರು. ಖಾಲಿ ಕೊಡಬಾರದು ಅಂತ. ಸೊಸೆಯ ಕೈಯಿಂದ ತಿಳಗೂಳಿನ ಉಂಡೆ ತುಂಬಿಸಿ, ಮುಚ್ಚಳ ಒತ್ತಿ, ಆಮೇಲೆ ಅತ್ತೆಯ ಮಡಿಲಿಗೆ ಹಾಕಿದರು. ನನಗೂ ಮಗಳಿಗೂ ಅರಿಶಿನ ಕುಂಕುಮ ಇಟ್ಟರು.

ಮರುದಿನ ಮಧ್ಯಾಹ್ನ ನನ್ನದು, ಸಂಜೆ ಮಗಳದು.

ಡೊಂಬಿವಲಿ ಅಂದರೆ ಮುಂಬಯಿಗೆ ಕೆಲಸಕ್ಕೆ ಹೋಗಿ ಬರುವವರ ಊರು. ಗಂಡ-ಹೆಂಡತಿ ಇಬ್ಬರೂ ಬೆಳಗ್ಗೆ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿಗೆ. ಹಾಗಾಗಿ ಸ್ಟೇಷನ್ ಸುತ್ತ ಪೋಳಿ-ಭಾಜಿ ಕೇಂದ್ರಗಳು ಬೆಳೆದವು. ಚಪಾತಿ, ಒಂದು ಒಣ ಪಲ್ಯ, ಆಮಟಿ. ಇಳಿದು ಬರುವಾಗ ಕಟ್ಟಿಸಿಕೊಂಡು ಹೋಗುವುದು. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ನಾನು ಅಂಥ ಒಂದು ಕೇಂದ್ರಕ್ಕೆ ಪೋಳಿ ಲಟ್ಟಿಸಲು ಹೋಗುತ್ತಿದ್ದೆ. ತವರಲ್ಲಿ ನನ್ನ ಕೈ ಪಳಗಿದ್ದು ಜೋಳದ ರೊಟ್ಟಿ ಬಡಿಯಲು. ಅಲ್ಲಿ ಬೇಕಾಗಿದ್ದು ಘಡಿಚಿ ಪೋಳಿ. ಸಣ್ಣಗೆ ಲಟ್ಟಿಸಿ, ಎಣ್ಣೆ ಸವರಿ, ಮಡಚಿ, ಮತ್ತೆ ಎಣ್ಣೆ ಸವರಿ, ಮತ್ತೆ ಮಡಚಿ ಲಟ್ಟಿಸಬೇಕು. ಬೆಂದಾಗ ಪದರು ಬಿಡಬೇಕು, ಮರುದಿನವೂ ಮೆತ್ತಗಿರಬೇಕು. ಮೊದಲ ವಾರ ಗಂಟೆಗೆ ನಲವತ್ತು ಆಗುತ್ತಿದ್ದವು. ಆರು ತಿಂಗಳಲ್ಲಿ ನೂರಕ್ಕೆ ಮುಟ್ಟಿದೆ. ಅದು ನನ್ನ ಕೈಯ ಮೊದಲ ದುಡಿಮೆ. ಅದರಲ್ಲೇ ಭಿಶಿ, ಅಂದರೆ ಚೀಟಿ ಕಟ್ಟಿ, ನನ್ನ ಸರದಿ ಬಂದಾಗ ಮಿಕ್ಸರ್ ತಂದೆ. ಆ ಮಿಕ್ಸರ್ ಇನ್ನೂ ನಡೆಯುತ್ತದೆ.

ಕೇಂದ್ರ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ನಡೆಸುತ್ತಿದ್ದ ತಾಯಿ ತೀರಿಕೊಂಡು ಆರು ವರ್ಷವಾಯಿತು ಅಂತ ಪಕ್ಕದ ಟೈಲರ್ ಹೇಳಿದ. ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆಮೇಲೆ ಇನ್ನೊಂದು ಕೇಂದ್ರ ಹುಡುಕಿ ಹತ್ತು ಪೋಳಿ ಕಟ್ಟಿಸಿಕೊಂಡೆ. ಲಾಡ್ಜಿಗೆ ಬಂದು ಎಲ್ಲರೂ ತಿಂದೆವು. ಪದರು ಚೆನ್ನಾಗಿ ಬಿಟ್ಟಿತ್ತು. ಯಾರೋ ಒಬ್ಬ ಹೆಂಗಸು ಇವತ್ತು ಕೂತು ಇದನ್ನು ಲಟ್ಟಿಸಿದ್ದಾಳೆ ಅನ್ನೋದು ತಿನ್ನುವಾಗ ಮನಸ್ಸಿನಲ್ಲಿತ್ತು.

ಸಂಜೆ ಮಗಳು ನನ್ನೊಬ್ಬಳನ್ನೇ ಕರೆದುಕೊಂಡು ಫಡಕೆ ರೋಡಿಗೆ ಹೋದಳು. ಮೊಮ್ಮಗಳು ಹಟ ಹಿಡಿದು ಜೊತೆಗೆ ಬಂದಳು. ಅದು ದೊಡ್ಡ ರಸ್ತೆಯೇನಲ್ಲ. ತುದಿಯಲ್ಲಿ ಗಣೇಶ ಮಂದಿರ, ಎರಡೂ ಕಡೆ ಬಟ್ಟೆ ಅಂಗಡಿ, ತಿಂಡಿ ಅಂಗಡಿ. ಆದರೆ ದೀಪಾವಳಿಯ ಮೊದಲ ಬೆಳಗ್ಗೆ ಡೊಂಬಿವಲಿಯ ಹುಡುಗ ಹುಡುಗಿಯರೆಲ್ಲ ಹೊಸ ಬಟ್ಟೆ ಹಾಕಿಕೊಂಡು ಅಲ್ಲಿಗೇ ಬರಬೇಕು. ಬೇರೆ ಊರಿಗೆ ಹೋದವರೂ ಅವತ್ತು ಅಲ್ಲಿ ಸಿಗುತ್ತಾರೆ. ಯುಗಾದಿಯ ದಿನ ಮೆರವಣಿಗೆ ಮಾಡಿ ಹೊಸ ವರ್ಷ ಸ್ವಾಗತಿಸುವ ಪದ್ಧತಿಯೂ ಇದೇ ಮಂದಿರದಿಂದ 1990ರ ದಶಕದ ಕೊನೆಗೆ ಶುರುವಾಗಿ ಮಹಾರಾಷ್ಟ್ರದ ತುಂಬ ಹರಡಿತು. ಒಂದು ಯುಗಾದಿಗೆ ಮಗಳು ಒಂಬತ್ತು ಗಜದ ಸೀರೆ ಉಟ್ಟು, ಮೂಗುತಿ ಹಾಕಿಕೊಂಡು ಲೇಝಿಮ್ ಆಡಿದ್ದಳು. ನನಗೆ ನೆನಪಿದ್ದದ್ದು ಆ ಫೋಟೊ ಅಷ್ಟೇ.

ಮಂದಿರದ ಹತ್ತಿರ ಒಂದು ಕಟ್ಟೆ ಮೇಲೆ ಕೂತೆವು. ಅವಳು ಹೇಳಿದಳು. "ನಾವು ಇಲ್ಲಿಂದ ಹೋದ ವರ್ಷ ದೀಪಾವಳಿ ದಿನ ಧಾರವಾಡದಲ್ಲಿ ನಾನು ನಸುಕಿನಲ್ಲಿ ಎದ್ದು ಹೊಸ ಡ್ರೆಸ್ ಹಾಕ್ಕೊಂಡು ಗೇಟ್ ಹತ್ರ ನಿಂತಿದ್ದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಲಿಲ್ಲ. ನೀನು ಬಂದು, ಚಳಿಯಾಗ ಯಾಕ ನಿಂತಿ, ಒಳಗ ಬಾ ಅಂದಿ."

ನನಗೆ ಆ ಬೆಳಗು ನೆನಪೇ ಇಲ್ಲ.

ಅವಳಿಗೆ ಆಗ ಹದಿನಾಲ್ಕು. ನಾವು ಊರಿಗೆ ವಾಪಸ್ ಬಂದೆವು ಅಂತ ಕುಣಿದವರು. ಸ್ವಂತ ಮನೆ, ಅಂಗಳ, ಬಾವಿ, ಮಾತಾಡಿದರೆ ತಿಳಿಯುವ ಜನ. ಅವಳಿಗೆ ಅದು ವಾಪಸ್ ಬಂದದ್ದಲ್ಲ. ಅವಳು ಹುಟ್ಟಿದ ಊರು ಡೊಂಬಿವಲಿ. ಧಾರವಾಡ ಅವಳಿಗೆ ಬೇಸಿಗೆ ರಜೆಯ ಅಜ್ಜಿ ಮನೆ. ಹೊಸ ಶಾಲೆಯಲ್ಲಿ ಅವಳ ಕನ್ನಡ ಕೇಳಿ ಹುಡುಗಿಯರು ನಗುತ್ತಿದ್ದರಂತೆ. ಅದಕ್ಕಿಂತ ಜಾಸ್ತಿ ನಕ್ಕದ್ದು ಒಂದು ಮಾತಿಗೆ. ಡೊಂಬಿವಲಿಯಲ್ಲಿ ಅವಳು ನನ್ನನ್ನು ಆಯಿ ಅಂತಿದ್ದಳು, ಸುತ್ತಲಿನ ಮಕ್ಕಳ ಹಾಗೆ. ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಒಂದು ದಿನ ನಾನು ಶಾಲೆಗೆ ಡಬ್ಬಿ ಒಯ್ದಾಗ ಅವಳು "ಆಯಿ" ಅಂತ ಓಡಿ ಬಂದಳಂತೆ. ಆಮೇಲೆ ಇಡೀ ವರ್ಷ, "ನಿಮ್ಮ ಆಯಿ ಭಾಳ ಸಣ್ಣಾಕಿ ಅದಾಳಲ್ಲ" ಅಂತ ಕಾಡಿದರಂತೆ. ಅವಳು ಅವ್ವ ಅನ್ನಲು ಶುರು ಮಾಡಿದ್ದು ಆಗ. ಊರಿಗೆ ಬಂದ ಮೇಲೆ ಮಗಳು ನಮ್ಮ ರೂಢಿಗೆ ಬಂದಳು ಅಂತ ನಾನು ಎಷ್ಟು ಖುಷಿಪಟ್ಟಿದ್ದೆ. ಅತ್ತೆಗೂ ಹೇಳಿದ್ದೆ.

"ನಿಮ್ಮ ಮೇಲೆ ಸಿಟ್ಟಿಲ್ಲ" ಅಂದಳು. "ಆದರೆ ಒಮ್ಮೆ ಕೇಳಬೇಕಿತ್ತು. ಹೋಗೋಣೇನು ಅಂತ ನನ್ನನ್ನೂ ಒಂದು ಮಾತು."

ಕೇಳಬೇಕಿತ್ತು. ಮನೆ ಮಾರುವಾಗ ದಲಾಲಿಯನ್ನು ಕೇಳಿದ್ದೆವು, ಜ್ಯೋತಿಷಿಯನ್ನು ಕೇಳಿದ್ದೆವು, ಧಾರವಾಡದ ನೆಂಟರನ್ನೆಲ್ಲ ಕೇಳಿದ್ದೆವು. ಅವಳಿಗೆ ಹೇಳಿದ್ದು ಪರೀಕ್ಷೆ ಮುಗಿದ ದಿನ. ನಾನು ಹಾಗೇ ಹೇಳಿದೆ, ತಪ್ಪಾಯಿತು ಅಂದೆ. ಅವಳು ನನ್ನ ಭುಜಕ್ಕೆ ತಲೆ ಇಟ್ಟು, "ಬಿಡು ಆಯಿ" ಅಂದಳು. ಪಕ್ಕದಲ್ಲಿ ಚಕ್ಕುಲಿ ತಿನ್ನುತ್ತಿದ್ದ ಮೊಮ್ಮಗಳು ತಲೆಯೆತ್ತಿ ನೋಡಿದಳು. ನನ್ನನ್ನು ಆಯಿ ಅನ್ನುವುದು ಅವಳ ಹಕ್ಕು. "ಅವರು ನಿನ್ನ ಆಯಿ ಅಲ್ಲ, ನನ್ನ ಆಯಿ" ಅಂತ ಅಮ್ಮನಿಗೆ ಹೇಳಿದಳು. ನಾವಿಬ್ಬರೂ ಒಂದೇ ಸಲ ನಕ್ಕೆವು, ಕಣ್ಣು ಒರೆಸಿಕೊಂಡೆವು.

ಮೂರನೇ ದಿನ ಅತ್ತೆ ನಮ್ಮ ಜೊತೆ ಬರಲಿಲ್ಲ. "ಮುಂಬಯಿ ನನ್ನ ಊರಲ್ಲ, ನೀವು ಹೋಗಿ ಬರ್ರಿ" ಅಂತ ಆಜಿಯ ಮನೆಗೆ ಹೋಗಿ ಕೂತರು. ಉಳಿದವರು ಹನ್ನೊಂದರ ಮೇಲೆ, ನೂಕುನುಗ್ಗಲು ಇಳಿದ ಹೊತ್ತಿಗೆ, ಫಾಸ್ಟ್ ಲೋಕಲ್ ಹತ್ತಿದೆವು. ಹೆಂಗಸರು ಲೇಡೀಸ್ ಡಬ್ಬಿಗೆ. ಹೇರ್ ಕ್ಲಿಪ್ ಮಾರುವವಳು ಬಂದಳು, ಮೊಮ್ಮಗಳು ಎರಡು ಕೊಂಡಳು. ಎದುರಿಗೆ ಒಬ್ಬಾಕೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಅದೊಂದು ಬದಲಾಗಿಲ್ಲ.

ಸಿಎಸ್‌ಎಂಟಿಯಲ್ಲಿ, ಅಂದರೆ ಹಳೇ ವಿ.ಟಿ. ಸ್ಟೇಷನ್ನಿನಲ್ಲಿ ಇಳಿದಾಗ ನಮ್ಮನೆಯವರ ಮುಖ ಸಣ್ಣಗಾಗಿತ್ತು. "ಪಾರ್ಸಿಕ್ ಬರಲಿಲ್ಲ" ಅಂದರು. ದಿವಾ ಮತ್ತು ಠಾಣೆ ನಡುವೆ ಗುಡ್ಡದೊಳಗೆ ಪಾರ್ಸಿಕ್ ಸುರಂಗ. 1916ರದು, ಒಂದು ಕಿಲೋಮೀಟರಿಗಿಂತ ಉದ್ದ. ಮೊದಲು ಫಾಸ್ಟ್ ಲೋಕಲ್‌ಗಳೆಲ್ಲ ಅದರೊಳಗಿಂದಲೇ ಹೋಗುತ್ತಿದ್ದವು. ಇವರದು ಒಂದು ಭಜನಾ ಮಂಡಳಿ ಇತ್ತು. ದಿನಾ ಒಂದೇ ಗಾಡಿ, ಒಂದೇ ಡಬ್ಬಿ. ಒಬ್ಬರ ಹತ್ತಿರ ತಾಳ, ಉಳಿದವರು ಡಬ್ಬಿಯ ಗೋಡೆ ಬಡಿಯುತ್ತಿದ್ದರು. ಅವರು ತುಕಾರಾಮರ ಅಭಂಗ ಹೇಳಿದರೆ ಇವರು ಪುರಂದರದಾಸರ ಪದ ಹೇಳುವರು. ಎರಡರಲ್ಲೂ ವಿಠ್ಠಲ ಬರುತ್ತಿದ್ದ, ಭಾಷೆ ಅಡ್ಡ ಬರಲಿಲ್ಲ. ಗಾಡಿ ಸುರಂಗ ಹೊಕ್ಕಾಗ ಸದ್ದು ನಾಲ್ಕು ಪಟ್ಟಾಗುತ್ತಿತ್ತಂತೆ. ಪಲ್ಲವಿಯನ್ನು ಅಲ್ಲಿಗೇ ಹೊಂದಿಸಿಕೊಂಡು ಹಾಡುತ್ತಿದ್ದರಂತೆ. 2022ರಲ್ಲಿ ಠಾಣೆ-ದಿವಾ ನಡುವೆ ಐದನೇ, ಆರನೇ ಹಳಿ ಶುರುವಾದ ಮೇಲೆ ಫಾಸ್ಟ್ ಲೋಕಲ್‌ಗಳು ಕಳವಾ, ಮುಂಬ್ರಾ ಕಡೆಯಿಂದ ಹೋಗುತ್ತವೆ. ಸುರಂಗ ಈಗ ದೂರದ ಊರಿನ ಗಾಡಿಗಳಿಗೆ.

ಆಫೀಸು ಇದ್ದ ಬೀದಿ ನೋಡಿದೆವು. ಅಲ್ಲಿಂದ ಟ್ಯಾಕ್ಸಿ ಮಾಡಿ ಮಲಬಾರ್ ಹಿಲ್‌ಗೆ. ಹಳೇ ಪದ್ಮಿನಿ ಟ್ಯಾಕ್ಸಿಗಳು 2023ಕ್ಕೇ ಮುಗಿದಿವೆ. ಕಮಲಾ ನೆಹರೂ ಪಾರ್ಕಿನ ಬೂಟಿನ ಆಕಾರದ ಮನೆಯ ಮುಂದೆ ಮಗಳದು ಐದು ವರ್ಷದವಳಿದ್ದಾಗಿನ ಫೋಟೊ ಇದೆ. ಮೊಮ್ಮಗಳನ್ನೂ ಅಲ್ಲೇ ನಿಲ್ಲಿಸಿ ತೆಗೆದೆವು. ಮುಂಬಯಿಯಲ್ಲಿ ಬೆಳೆದ ಮಕ್ಕಳ ಆಲ್ಬಮ್‌ನಲ್ಲಿ ಆ ಬೂಟು ಇರಲೇಬೇಕು ಅಲ್ವಾ.

ಕೊನೆಯ ದಿನ ಲಾಡ್ಜ್ ಖಾಲಿ ಮಾಡಿ, ಸಾಮಾನಿನ ಜೊತೆ ಕಾರಿನಲ್ಲಿ ಮಾಟುಂಗಾಕ್ಕೆ ಹೋದೆವು. ಆ ಮಳೆಯ ದಿನ ನಮ್ಮನೆಯವರು ಫೋರ್ಟ್‌ನಿಂದ ನಡೆದು ತಲುಪಿದ್ದು ಅಲ್ಲಿಗೆ. ಸಂಜೆ ನಾಲ್ಕಕ್ಕೆ ಹೊರಟವರು ರಾತ್ರಿ ಹತ್ತಕ್ಕೆ, ಎದೆಮಟ್ಟ ನೀರು ದಾಟಿ, ಸಹೋದ್ಯೋಗಿಯೊಬ್ಬರ ಅಣ್ಣನ ಮನೆಯ ಬಾಗಿಲು ತಟ್ಟಿದ್ದರು. ಅದಕ್ಕೂ ಮುಂಚೆ ಅವರು ನೋಡಿದ್ದ ಮನೆಯೂ ಅಲ್ಲ ಅದು. ಒಣ ಪಂಚೆ ಕೊಟ್ಟು, ಬಿಸಿ ಅನ್ನ ಸಾರು ಬಡಿಸಿ, ಮಲಗಲು ಜಾಗ ಕೊಟ್ಟವರು ಆ ಮನೆಯ ಯಜಮಾನಿ. ಅವರು ಈಗ ಮಗನ ಜೊತೆ ಅದೇ ಮನೆಯಲ್ಲಿ ಇದ್ದಾರೆ. ಅತ್ತೆ ಅವರಿಗೆ ಒಂದು ಇಳಕಲ್ ಸೀರೆ, ಖಣ ಉಡಿ ತುಂಬಿ, "ನನ್ನ ಮಗಗ ಅನ್ನ ಹಾಕಿದ ಕೈ ಇದು" ಅಂತ ಅವರ ಕೈಗಳನ್ನು ಕಣ್ಣಿಗೆ ಒತ್ತಿಕೊಂಡರು. ಆ ಯಜಮಾನಿ ಉಡುಪಿ ಕಡೆಯವರು. "ಅಯ್ಯೋ, ಅಂದು ಹತ್ತು ಜನ ಮಲಗಿದ್ರು ಇಲ್ಲಿ, ನನಗೆ ಯಾರ ಮುಖವೂ ನೆನಪಿಲ್ಲ ಮಾರಾಯ್ರೆ" ಅಂದರು. ಅವರಿಗೆ ನೆನಪಿಲ್ಲ ಅನ್ನೋದೇ ನನಗೆ ದೊಡ್ಡದಾಗಿ ಕಂಡಿತು.

ಮಾಟುಂಗಾದ ಬೀದಿಯಲ್ಲಿ ಕನ್ನಡ, ತಮಿಳು, ತುಳು ಕೇಳಿ ಮೊಮ್ಮಗಳಿಗೆ ಬೆರಗು. ಇಲ್ಲಿನ ಮೈಸೂರು ಅಸೋಸಿಯೇಷನ್ 1926ರದು. ನಾಟಕ, ಸಂಗೀತ ಅಂತ ನಾವು ತಿಂಗಳಿಗೊಮ್ಮೆಯಾದರೂ ಬರುತ್ತಿದ್ದೆವು. ಊಟಕ್ಕೆ ಸ್ಟೇಷನ್ ಹತ್ತಿರದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ನಡೆಯುತ್ತಿದೆ. ಮೆಟ್ಟಿಲು ಹತ್ತಬೇಕು. ಅತ್ತೆ ನಿಂತು ನಿಂತು ಹತ್ತಿದರು. ಬಾಳೆ ಎಲೆ ಊಟ. ಕೆಳಗೆ ಇಳಿದ ಮೇಲೆ ನಮ್ಮನೆಯವರು ಹೂವಿನ ಅಂಗಡಿಯಿಂದ ಮಲ್ಲಿಗೆ ತಂದು ಮೂವರಿಗೂ ಹಂಚಿದರು. ಆಗ ಸಂಬಳದ ದಿನ ತಪ್ಪದೆ ತರುತ್ತಿದ್ದರು.

ರಾತ್ರಿ ದಾದರ್. ಅಲ್ಲಿ ಮೊದಲು ಸೆಂಟ್ರಲ್, ವೆಸ್ಟರ್ನ್ ಎರಡಕ್ಕೂ ಬೇರೆ ಬೇರೆ ನಂಬರ್ ಇತ್ತು. ಈಗ ಪ್ಲಾಟ್‌ಫಾರ್ಮ್ 1ರಿಂದ 14ರವರೆಗೆ ಒಂದೇ ಸಾಲು. ಕೇಳಿಕೊಂಡು ಹೋಗಿ ಗಾಡಿ ಹತ್ತಿದೆವು. ಮೊಮ್ಮಗಳಿಗೆ ಹಾಸಿಗೆ ಹಾಸಿ ಮಲಗಿಸಿದೆ. ಅತ್ತೆ ಡಬ್ಬಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಕೂತೇ ಇದ್ದರು.

ಠಾಣೆ ಬಿಟ್ಟ ಸ್ವಲ್ಪ ಹೊತ್ತಿಗೆ ಗಾಡಿಯ ಸದ್ದು ಇದ್ದಕ್ಕಿದ್ದಂತೆ ದಪ್ಪಗಾಯಿತು. ಕಿಟಕಿಯ ಹೊರಗೆ ಕಪ್ಪು ಗೋಡೆ. ಸುರಂಗ. ನಮ್ಮನೆಯವರು ಏನೂ ಹೇಳಲಿಲ್ಲ. ಬರ್ತಿನ ಅಂಚಿನ ಮೇಲೆ ಅವರ ಬೆರಳು ತಾಳ ಹಾಕುತ್ತಿತ್ತು, ಹೊರಗೆ ಬರುವವರೆಗೂ.

ದಿವಾ ದಾಟಿತು. ಅವರು ಎದ್ದು ನಿಂತರು. ಲೋಕಲ್‌ನಲ್ಲಿ ದಿವಾ ದಾಟಿದ ಕೂಡಲೇ ಎದ್ದು ಬಾಗಿಲ ಕಡೆ ಸರಿಯದಿದ್ದರೆ ಡೊಂಬಿವಲಿಯಲ್ಲಿ ಇಳಿಯಲು ಆಗುತ್ತಿರಲಿಲ್ಲ. ಹದಿನೇಳು ವರ್ಷ ದಿನಾ ಹಾಗೆ ಎದ್ದ ಮೈ ಅದು. ನಮ್ಮ ಗಾಡಿ ಅಲ್ಲಿ ನಿಲ್ಲುವುದಿಲ್ಲ ಅಂತ ನೆನಪಿಸಬೇಕು ಅನ್ನಿಸಲಿಲ್ಲ ನನಗೆ.

ಅತ್ತೆ ಎರಡೂ ಕೈಗಳನ್ನು ಕಿಟಕಿಯ ಗಾಜಿಗೆ ಮರೆ ಹಿಡಿದು ನೋಡುತ್ತಿದ್ದರು. "ಬಂತೇನು?"

"ಬಂತ್ರಿ ಅತ್ತಿ."

ಪ್ಲಾಟ್‌ಫಾರ್ಮಿನ ದೀಪಗಳು ಒಂದರ ಹಿಂದೊಂದು ಹೋದವು. ಲೋಕಲ್‌ಗೆ ಕಾಯುತ್ತಾ ನಿಂತ ಜನ, ಹಳದಿ ಬೋರ್ಡು, ಪಾದಚಾರಿ ಸೇತುವೆ, ಮತ್ತೆ ಕತ್ತಲು. ಮೇಲಿನ ಬರ್ತಿನಿಂದ ಮಗಳೂ ಇಳಿದು ಬಂದು ಅಜ್ಜಿಯ ಪಕ್ಕ ಕೂತಿದ್ದಳು. ನಮ್ಮನೆಯವರು ಕಲ್ಯಾಣ ಬರುವವರೆಗೂ ಹಾಗೇ ನಿಂತಿದ್ದರು.